ಜಮೀನಿಲ್ಲದವನಿಗೆ ಜಾಮೀನಿಲ್ಲ

ಸೆರೆಮನೆಯಲ್ಲಿ ಇರುವವರೆಲ್ಲ ಅಪರಾಧಿಗಳೆಂದು ನಮ್ಮ ಸಂಭಾವಿತ ಜನ ನಂಬಿಕೊಂಡಿದ್ದಾರೆ. ಪೋಲೀಸರು ಹಿಡಿಯುತ್ತಾರೆ, ನ್ಯಾಯಾಧೀಶರು ವಿಚಾರಿಸುತ್ತಾರೆ, ತಪ್ಪು ರುಜುವಾತಾದರೆ ಒಳಗೆ ಕಳಿಸುತ್ತಾರೆ, ಇಲ್ಲದಿದ್ದರೆ ಮನೆಗೆ ಕಳಿಸುತ್ತಾರೆ ಎಂಬುದು ಶಾಲೆಯ ಪಾಠ. ಈ ಪಾಠವನ್ನು ಸರ್ಕಾರದ ಲೆಕ್ಕದ ಪುಸ್ತಕವೇ ಸುಳ್ಳುಮಾಡಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿರುವ ಅಂಕಿಗಳ ಪ್ರಕಾರ 2022ನೆಯ ಇಸವಿಯ ಕೊನೆಗೆ ದೇಶದ ಸೆರೆಮನೆಗಳಲ್ಲಿ ಇದ್ದವರು 5,73,220 ಮಂದಿ. ಇವರಲ್ಲಿ 4,34,302 ಮಂದಿ ವಿಚಾರಣಾಧೀನರು. ಎಂದರೆ, ಒಳಗಿದ್ದ ಪ್ರತಿ ನಾಲ್ವರಲ್ಲಿ ಮೂವರನ್ನು ಅಪರಾಧಿಗಳೆಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿರಲಿಲ್ಲ. ಹೇಳದೆಯೇ ಅವರು ಸೆರೆಮನೆಯ ಗಂಜಿ ಕುಡಿಯುತ್ತಿದ್ದರು.

ಯಾರಿವರು? ಗಿರಣಿ ಮಾಲೀಕರ ಮಕ್ಕಳೇ? ಗುತ್ತಿಗೆದಾರರ ಅಳಿಯಂದಿರೇ? ಮೂರರಲ್ಲಿ ಎರಡು ಪಾಲಿನಷ್ಟು ಜನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳವರು ಎಂದು ಅದೇ ಲೆಕ್ಕ ಹೇಳುತ್ತದೆ. ಅಪರಾಧ ಮಾಡುವ ಬುದ್ಧಿಯನ್ನು ದೇವರು ಇದೇ ಜನರಿಗೆ ಹಂಚಿದನೆಂದು ನಂಬುವವರು ನಂಬಲಿ. ನಾವು ಇನ್ನೊಂದು ಕಾರಣವನ್ನು ಹೇಳುತ್ತೇವೆ. ಅದು ಒಂದೇ ಮಾತಿನಲ್ಲಿ ಅಡಗಿದೆ: ಜಾಮೀನು ಬೇಕಾದರೆ ಜಮೀನು ಬೇಕು.

ಕಾನೂನು ಹೇಳುವುದೇನೋ ಚೆನ್ನಾಗಿದೆ. ತಪ್ಪು ರುಜುವಾತಾಗುವವರೆಗೆ ಪ್ರತಿಯೊಬ್ಬನೂ ನಿರಪರಾಧಿ. ವಿಚಾರಣೆಯ ದಿನ ಹಾಜರಾಗುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟರೆ ಹೊರಗಿರಬಹುದು. ಆದರೆ ಬಡವನ ಮುಚ್ಚಳಿಕೆಗೆ ಬೆಲೆಯಿಲ್ಲ. ಅವನ ಪರವಾಗಿ ಆಸ್ತಿವಂತನೊಬ್ಬ ಬಂದು ನಿಲ್ಲಬೇಕು. ಅವನು ಪಹಣಿ ತರಬೇಕು, ಇಲ್ಲವೇ ಮನೆ ಕಂದಾಯದ ರಸೀತಿ ತರಬೇಕು. ಅದನ್ನು ಪರಿಶೀಲಿಸಿ ವರದಿ ಬರಬೇಕು. ವಠಾರದ ಒಂದು ಕೋಣೆಯಲ್ಲಿ ಬಾಡಿಗೆಗಿರುವ ಗಿರಣಿ ಕೆಲಸಗಾರ ಪಹಣಿಯನ್ನು ಎಲ್ಲಿಂದ ತಂದಾನು? ಅವನ ನೆಂಟರೂ ಅವನಂಥವರೇ. ಅವನಿಗೆ ಗೊತ್ತಿರುವ ಆಸ್ತಿವಂತರೆಂದರೆ ಇಬ್ಬರೇ: ಒಬ್ಬ ಮನೆಯ ಮಾಲೀಕ, ಇನ್ನೊಬ್ಬ ಗಿರಣಿಯ ಮಾಲೀಕ. ಇವರಲ್ಲಿ ಯಾರು ಬಂದು ಅವನ ಪರವಾಗಿ ಸಹಿ ಹಾಕುತ್ತಾರೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಇದಕ್ಕೆಂದೇ ನ್ಯಾಯಾಲಯದ ಆವರಣಗಳಲ್ಲಿ ಒಂದು ಕಸುಬೇ ಹುಟ್ಟಿಕೊಂಡಿದೆ. ಬಾಡಿಗೆಗೆ ಸೈಕಲ್ಲು ಸಿಗುವಂತೆ ಬಾಡಿಗೆಗೆ ಜಾಮೀನುದಾರ ಸಿಗುತ್ತಾನೆ. ಮುಖ ಪರಿಚಯವಿಲ್ಲದ ಆರೋಪಿಯನ್ನು ಇವನು ನನ್ನ ಆಪ್ತನೆಂದು ಹೇಳಿ ಸಹಿ ಹಾಕುತ್ತಾನೆ, ಹಣ ಎಣಿಸಿಕೊಳ್ಳುತ್ತಾನೆ, ಹೋಗುತ್ತಾನೆ. ಪಳಗಿದ ಜೇಬುಗಳ್ಳನಿಗೆ ಇವನ ವಿಳಾಸ ಗೊತ್ತು. ಮೊದಲನೆಯ ಸಲ ಠಾಣೆಯ ಮೆಟ್ಟಿಲು ಹತ್ತಿದ ನೇಕಾರನಿಗೆ ಗೊತ್ತಿಲ್ಲ. ಹೀಗಾಗಿ ಕಸುಬಿನ ಕಳ್ಳ ಸಂಜೆಗೇ ಹೊರಗೆ ಬರುತ್ತಾನೆ, ನೇಕಾರ ಒಳಗೇ ಉಳಿಯುತ್ತಾನೆ.

ಇದು ನಮ್ಮ ಕಟ್ಟುಕಥೆಯಲ್ಲ. 1978ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಮಧ್ಯಪ್ರದೇಶದ ಮೋತಿರಾಮ್ ಎಂಬ ಬಡ ಗಾರೆಕೆಲಸದವನ ಮೊಕದ್ದಮೆ ಬಂದಿತ್ತು. ಸರ್ವೋಚ್ಚ ನ್ಯಾಯಾಲಯವೇ ಅವನನ್ನು ಜಾಮೀನಿನ ಮೇಲೆ ಬಿಡಿ ಎಂದಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಜಾಮೀನುದಾರನನ್ನು ತಾ ಎಂದರು. ಅವನ ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದ. ಆದರೆ ಅವನೂ ಅವನ ಆಸ್ತಿಯೂ ಬೇರೊಂದು ಜಿಲ್ಲೆಯಲ್ಲಿದ್ದವೆಂದು ಆ ಜಾಮೀನು ನಡೆಯಲಿಲ್ಲ. ಅತ್ಯುಚ್ಚ ನ್ಯಾಯಪೀಠದ ಆಜ್ಞೆಯಿದೆ, ಒಡಹುಟ್ಟಿದವನಿದ್ದಾನೆ, ಆಸ್ತಿಯೂ ಇದೆ. ಆದರೂ ಗಾರೆಯವನು ಒಳಗೆ! ಕೊನೆಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅವನದೇ 1,000 ರೂಪಾಯಿಯ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕೆಂದು ತೀರ್ಪಿತ್ತರು. ಆ ತೀರ್ಪಿನಲ್ಲಿ ಅವರು ನಮ್ಮವರ ಹೆಸರನ್ನೂ ಎತ್ತಿದ್ದಾರೆ. ಮಲಯಾಳಿಯೋ ಕನ್ನಡಿಗನೋ ತಮಿಳನೋ ಆಂಧ್ರದವನೋ ಬಸ್ತರಿನಲ್ಲಿ, ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದ್ದಾರೆ. ಇಂದು ಅದೇ ಪ್ರಶ್ನೆ ತಿರುಗಿ ನಮ್ಮ ಊರುಗಳಿಗೇ ಬಂದಿದೆ. ಬಿಹಾರದಿಂದ, ಒಡಿಶಾದಿಂದ ನಮ್ಮ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಬಂದಿರುವ ಹುಡುಗ ಇಲ್ಲಿ ಯಾರ ಪಹಣಿ ತರಬೇಕು?

ಜಾಮೀನಿನ ಉದ್ದೇಶ ಆರೋಪಿ ಓಡಿಹೋಗದಂತೆ ನೋಡಿಕೊಳ್ಳುವುದು ಎಂದು ಕಾನೂನು ಪಂಡಿತರು ಹೇಳುತ್ತಾರೆ. ಸರಿ, ಓಡಿಹೋಗುವವರು ಯಾರು? ಗಾರೆಯವನು ಎಲ್ಲಿಗೆ ಓಡುತ್ತಾನೆ? ಹೆಂಡತಿ ಮಕ್ಕಳು, ಪಡಿತರ ಚೀಟಿ, ಅಂಗಡಿಯ ಬಾಕಿ, ಇವೇ ಅವನನ್ನು ಊರಿಗೆ ಕಟ್ಟಿಹಾಕಿರುವ ಸರಪಳಿ. ವಿಜಯ ಮಲ್ಯ ಎಂಬ ಮಹನೀಯರು 2016ರ ಮಾರ್ಚ್ 2ರಂದು ದೇಶ ಬಿಟ್ಟರು. ಬ್ಯಾಂಕುಗಳಿಗೆ ಬರಬೇಕಾಗಿದ್ದ ಬಾಕಿ ಸುಮಾರು 9,000 ಕೋಟಿ ರೂಪಾಯಿ. ಅವರ ವಿಮಾನ ಕಂಪನಿಯ ನೌಕರರ ಸಂಬಳದ ಬಾಕಿ ಬೇರೆ. ನೀರವ್ ಮೋದಿಯವರು 2018ರ ಜನವರಿಯಲ್ಲಿ ಹೋದರು. ಇಬ್ಬರನ್ನೂ 2019ರಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯ ಪರಾರಿಯಾದ ಆರ್ಥಿಕ ಅಪರಾಧಿಗಳೆಂದು ಘೋಷಿಸಿತು. ಆಸ್ತಿಯಿದ್ದವನು ಓಡುವುದಿಲ್ಲ, ಇಲ್ಲದವನು ಓಡುತ್ತಾನೆ ಎಂಬ ಈ ಸಿದ್ಧಾಂತ ಎಂಥದ್ದೆಂಬುದಕ್ಕೆ ಇನ್ನೇನು ಪುರಾವೆ ಬೇಕು? ವಿಮಾನಕ್ಕೆ ಟಿಕೇಟು ಕೊಳ್ಳುವುದಕ್ಕೂ ಆಸ್ತಿ ಬೇಕಾಗುತ್ತದೆ, ಸ್ವಾಮಿ.

ಇನ್ನು ದಸ್ತಗಿರಿಯ ವಿಷಯ. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೋಲೀಸ್ ಆಯೋಗ ತನ್ನ ಮೂರನೆಯ ವರದಿಯಲ್ಲಿ, ನಡೆಯುವ ದಸ್ತಗಿರಿಗಳಲ್ಲಿ ನೂರಕ್ಕೆ 60ರಷ್ಟು ಅನಾವಶ್ಯಕ ಇಲ್ಲವೇ ಅನ್ಯಾಯದವು ಎಂದಿತು. ಸೆರೆಮನೆಗಳ ಖರ್ಚಿನಲ್ಲಿ ನೂರಕ್ಕೆ 43.2ರಷ್ಟು ಇದಕ್ಕೇ ಹೋಗುತ್ತಿತ್ತೆಂದೂ, ದಸ್ತಗಿರಿ ಮಾಡುವ ಅಧಿಕಾರವೇ ಪೋಲೀಸರ ಲಂಚಗುಳಿತನದ ಮುಖ್ಯ ಮೂಲಗಳಲ್ಲೊಂದೆಂದೂ ಲೆಕ್ಕ ಕೊಟ್ಟಿತು. ಹೇಳಿದವರು ನಾವಲ್ಲ, ಸರ್ಕಾರವೇ ನೇಮಿಸಿದ ದೊಡ್ಡವರು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದೇ ಮಾತನ್ನು ಎತ್ತಿ ಹೇಳಿ, ಅಧಿಕಾರವಿದೆ ಎಂಬುದೊಂದೇ ದಸ್ತಗಿರಿಗೆ ಕಾರಣವಾಗಕೂಡದೆಂದು ವಿಧಿಸಿತು. ಆಮೇಲೂ ಏನು ಬದಲಾಯಿತು? ಚೌಕದಲ್ಲಿ ಕೈಗಾಡಿ ನಿಲ್ಲಿಸುವ ಹಣ್ಣಿನವನನ್ನು ಕೇಳಿ. ಪೇದೆ ಅವನ ಹತ್ತಿರ ಯಾವ ಕಲಮನ್ನೂ ಓದಿ ಹೇಳುವುದಿಲ್ಲ. “ಠಾಣೆಗೆ ಬಾ” ಎನ್ನುತ್ತಾನೆ, ಅಷ್ಟೇ. ಆ ಎರಡಕ್ಷರದ ಜಾಗಕ್ಕೆ ಹೋದರೆ ಒಂದು ದಿನದ ವ್ಯಾಪಾರ ಹೋಯಿತು, ಗಾಡಿಯ ಹಣ್ಣು ಕೊಳೆಯಿತು. ಹೋಗದಿರುವುದಕ್ಕೆ ಎಷ್ಟು ತೆರಬೇಕೆಂಬುದು ಇಬ್ಬರಿಗೂ ಗೊತ್ತು.

ಅಂಗಡಿಯಿಟ್ಟ ನಮ್ಮ ಚಿಲ್ಲರೆ ವ್ಯಾಪಾರಿ ಮಿತ್ರರು ಇಲ್ಲಿ ಒಂದು ಆಕ್ಷೇಪಣೆ ತೆಗೆಯಬಹುದು. “ನೀವು ಹೇಳುವುದೆಲ್ಲ ಸರಿಯೇ. ಆದರೆ ರಾತ್ರಿ ನನ್ನ ಅಂಗಡಿಯ ಬೀಗ ಮುರಿದವನನ್ನು ಬೆಳಿಗ್ಗೆ ಬಿಟ್ಟುಬಿಟ್ಟರೆ ನನ್ನ ಗತಿಯೇನು?” ನ್ಯಾಯವಾದ ಪ್ರಶ್ನೆ. ಬೀಗ ಮುರಿದವನು ಮತ್ತೆ ಮುರಿಯುತ್ತಾನೆ ಎಂಬುದಕ್ಕೆ ಆಧಾರವಿದ್ದರೆ ನ್ಯಾಯಾಧೀಶರು ಅದನ್ನು ಬರೆದು, ಕಾರಣ ಕೊಟ್ಟು, ಅವನನ್ನು ಒಳಗಿಡಲಿ. ನಾವು ಬೇಡವೆನ್ನುವುದಿಲ್ಲ. ನಾವು ಕೇಳುವುದು, ಅಪಾಯವನ್ನು ರೂಪಾಯಿಯ ತಕ್ಕಡಿಯಲ್ಲಿ ಏಕೆ ತೂಗುತ್ತೀರಿ ಎಂದು. ಇಪ್ಪತ್ತೈದು ಸಾವಿರ ರೂಪಾಯಿಯ ಜಾಮೀನು ಕೊಟ್ಟ ಕಳ್ಳ ಆ ಕ್ಷಣದಿಂದ ಸಾಧುವಾಗುತ್ತಾನೆಯೇ? ಅವನು ಆ ಹಣವನ್ನು ನಿಮ್ಮ ಅಂಗಡಿಯಿಂದಲೇ ಹುಟ್ಟಿಸಬೇಕಲ್ಲವೇ?

ವ್ಯಾಪಾರಿಯೂ ನಾಳೆ ಅದೇ ಕಟಕಟೆಯಲ್ಲಿ ನಿಲ್ಲಬಹುದು. ಸಗಟು ವ್ಯಾಪಾರಿಗೆ ಕೊಟ್ಟ ಚೆಕ್ಕು ಬ್ಯಾಂಕಿನಲ್ಲಿ ತಿರುಗಿಬಂದರೆ ಅದು ಅಪರಾಧವೆಂದು 1988ರಲ್ಲಿ ಕಾನೂನು ಮಾಡಿದರು. 2019ರ ಕೊನೆಗೆ ದೇಶದ ನ್ಯಾಯಾಲಯಗಳಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಮೊಕದ್ದಮೆಗಳ ಪೈಕಿ 35.16 ಲಕ್ಷ ಈ ಚೆಕ್ಕಿನ ಮೊಕದ್ದಮೆಗಳೇ ಆಗಿದ್ದವು. ಸಾಲಕ್ಕಾಗಿ ಸೆರೆಯೆಂಬ ಹಳೆಯ ಪದ್ಧತಿ ಹೊಸ ಅಂಗಿ ತೊಟ್ಟು ಬಂದಿದೆ. ಎರಡು ವಾಯಿದೆ ತಪ್ಪಿಸಿಕೊಂಡರೆ ವಾರಂಟು. ವಾರಂಟು ಬಂದರೆ ಠಾಣೆ. ಠಾಣೆಯಿಂದ ಮತ್ತೆ ಅದೇ ಜಾಮೀನು, ಅದೇ ಪಹಣಿ.

ಗಿರಣಿ ಕೆಲಸಗಾರರು ಮರೆಯಬಾರದ ಮೊಕದ್ದಮೆ ಹರಿಯಾಣದ ಮಾನೇಸರಿನದು. 2012ರ ಜುಲೈ 18ರಂದು ಮಾರುತಿ ಸುಜುಕಿ ಕಾರ್ಖಾನೆಯಲ್ಲಿ ಗಲಭೆಯಾಗಿ, ಬೆಂಕಿಬಿದ್ದು, ಆಡಳಿತದ ಅಧಿಕಾರಿಯೊಬ್ಬರು ಸತ್ತರು. ಒಬ್ಬ ಮನುಷ್ಯ ಸತ್ತಿದ್ದಾನೆ. ಕೊಂದವರಿಗೆ ಶಿಕ್ಷೆಯಾಗಬೇಕೆಂಬುದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಆದರೆ ಪೋಲೀಸರು ಸೆರೆಗೆ ತಳ್ಳಿದ್ದು 148 ಕೆಲಸಗಾರರನ್ನು. ಜಾಮೀನು ಕೇಳಿದಾಗ 2013ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ ಕೊಡಲಿಲ್ಲ. ಇಂಥ ಘಟನೆಗಳಿಂದ ವಿದೇಶೀ ಬಂಡವಾಳಗಾರರು ಹೆದರಿ ದೂರ ಸರಿದಾರೆಂಬ ಮಾತು ಆ ಆಜ್ಞೆಯಲ್ಲಿತ್ತು. ವಾಚಕರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು. ಆರೋಪಿ ಓಡಿಹೋಗುತ್ತಾನೆಯೇ, ಸಾಕ್ಷಿಯನ್ನು ಬೆದರಿಸುತ್ತಾನೆಯೇ ಎಂದು ನೋಡಬೇಕಾದ ಜಾಗದಲ್ಲಿ ಬಂಡವಾಳಗಾರನ ಭಯವೂ ತೂಕಕ್ಕೆ ಬಿತ್ತು! 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೊದಲು ಇಬ್ಬರಿಗೆ ಜಾಮೀನು ಕೊಟ್ಟ ಮೇಲೆ ಬಾಗಿಲು ತೆರೆಯಿತು. 2017ರ ಮಾರ್ಚಿನಲ್ಲಿ ತೀರ್ಪು ಬಂದಾಗ 31 ಮಂದಿಗೆ ಶಿಕ್ಷೆ, 117 ಮಂದಿಗೆ ಖುಲಾಸೆ.

ನೂರ ಹದಿನೇಳು! ಇವರಲ್ಲಿ ಅನೇಕರು ಎರಡೂವರೆ ವರ್ಷಕ್ಕೂ ಮಿಕ್ಕಿ ಸೆರೆಮನೆಯಲ್ಲಿ ಕಳೆದಿದ್ದರು. ಆ ಎರಡೂವರೆ ವರ್ಷದ ಕೂಲಿಯನ್ನು ಯಾರು ಕೊಡಬೇಕು? ಕೆಲಸ ಹೋಯಿತು, ಹೆಸರಿಗೆ ಮಸಿ ಅಂಟಿತು, ಬೇರೆ ಕಾರ್ಖಾನೆಯ ಬಾಗಿಲಲ್ಲಿ ನಿಂತರೆ ಮಾನೇಸರಿನವನೆಂಬ ಗುರುತೇ ಅಡ್ಡ. ನಿರಪರಾಧಿಗಳೆಂದು ಹೇಳಿದ ನ್ಯಾಯಾಲಯದ ಕಾಗದವನ್ನು ಒಲೆಯ ಮೇಲಿಟ್ಟರೆ ಅನ್ನವಾಗುವುದಿಲ್ಲ. 1946ರ ಮಾದರಿ ಸ್ಥಾಯೀ ಆದೇಶಗಳೇ ರಜೆಯಿಲ್ಲದೆ ಹತ್ತು ದಿನಕ್ಕೂ ಹೆಚ್ಚು ಗೈರುಹಾಜರಾಗುವುದನ್ನು ದುರ್ವರ್ತನೆಯೆಂದು ಬರೆದಿಟ್ಟಿದ್ದವು. ಮುಷ್ಕರದ ಮುಂದಾಳುವನ್ನು ಕೆಲಸದಿಂದ ತೆಗೆಯಲು ಮಾಲೀಕನಿಗೆ ತೀರ್ಪೇ ಬೇಕಾಗಿಲ್ಲ. ಹನ್ನೊಂದು ದಿನದ ಕಸ್ಟಡಿ ಸಾಕು.

ಈಗ ಹೊಸ ಕಾನೂನು ಬಂದಿದೆ, ಎಲ್ಲ ಸರಿಹೋಯಿತು ಎಂದು ಡಂಗುರ ಸಾರುತ್ತಿದ್ದಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು, ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಪಾಲನ್ನು ಒಳಗೇ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕೆನ್ನುತ್ತದೆ. ಮರಣದಂಡನೆ, ಜೀವಾವಧಿಯ ಆರೋಪಗಳಿಗೆ ಇದು ಅನ್ವಯಿಸದು. ಇರಲಿ, ಹಿಂದೆ ಅರ್ಧ ಪಾಲು ಕಾಯಬೇಕಾಗಿದ್ದುದಕ್ಕಿಂತ ಇದು ಮೇಲು, ಒಪ್ಪಿದೆವು. ಆದರೆ ಅದೇ ಕಲಮಿನ ಎರಡನೆಯ ಉಪಕಲಮನ್ನು ಮಂತ್ರಿಮಹೋದಯರು ಭಾಷಣದಲ್ಲಿ ಓದುವುದಿಲ್ಲ. ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿದ್ದವನಿಗೆ ಈ ಸೌಲಭ್ಯವಿಲ್ಲ ಎಂದು ಅಲ್ಲಿದೆ. ಮುಷ್ಕರ ಕಂಡವರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಗೇಟಿನ ಮುಂದೆ ಕೂತದ್ದಕ್ಕೊಂದು, ಘೋಷಣೆ ಕೂಗಿದ್ದಕ್ಕೊಂದು, ರಸ್ತೆ ತಡೆದದ್ದಕ್ಕೊಂದು ಮೊಕದ್ದಮೆ. ಎರಡನೆಯದನ್ನು ಹಾಕುವ ಲೇಖನಿ ಠಾಣೆಯವರ ಕೈಯಲ್ಲೇ ಇರುವಾಗ ಬಿಡುಗಡೆಯ ಬೀಗದ ಕೈಯೂ ಅವರಲ್ಲೇ ಉಳಿಯಿತು.

2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆಯೊಂದನ್ನೂ ತಂದಿತು. ಜಾಮೀನಿನ ಹಣ ಕಟ್ಟಲಾರದ ವಿಚಾರಣಾಧೀನನಿಗೆ 40,000 ರೂಪಾಯಿಯವರೆಗೆ ಖಜಾನೆಯಿಂದ ಕೊಡುವುದೆಂದು ಆಗ ಗೊತ್ತುಮಾಡಿದ್ದರು. ದಾನವನ್ನು ಹಳಿಯಬಾರದು. ಆದರೂ ಈ ವಿಚಿತ್ರವನ್ನು ನೋಡಿ: ಸರ್ಕಾರವೇ ಹಿಡಿಯುತ್ತದೆ, ಸರ್ಕಾರವೇ ಒಳಗಿಟ್ಟು ಊಟ ಹಾಕುತ್ತದೆ, ಬಿಡುವುದಕ್ಕೆ ಸರ್ಕಾರವೇ ಹಣ ಕಟ್ಟುತ್ತದೆ. ಇಷ್ಟೆಲ್ಲ ಸುತ್ತಿ ಬರುವ ಬದಲು ಹಣವನ್ನೇ ಕೇಳದಿದ್ದರೆ ಆಗದೇ?

ಆಗುತ್ತದೆ, ಕಾನೂನಿನಲ್ಲಿ ಅದಕ್ಕೆ ದಾರಿಯೂ ಇದೆ. ಜಾಮೀನು ಕೊಡಬಹುದಾದ ಅಪರಾಧಗಳಲ್ಲಿ ಒಂದು ವಾರದೊಳಗೆ ಜಾಮೀನು ಒದಗಿಸಲಾರದವನನ್ನು ಬಡವನೆಂದೇ ಭಾವಿಸಿ ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 2005ರ ತಿದ್ದುಪಡಿ ಹೇಳಿತು. ಹೊಸ ಸಂಹಿತೆಯ 478ನೆಯ ಕಲಮಿನಲ್ಲೂ ಅದು ಉಳಿದಿದೆ. ಇದು ಎಷ್ಟು ಜನಕ್ಕೆ ಗೊತ್ತು? ತಿಳಿಸಬೇಕಾದವರು ತಿಳಿಸುವುದಿಲ್ಲ. ನಾವು ಒತ್ತಾಯಿಸುವುದು, ಈ ನಿಯಮವನ್ನು ಸಣ್ಣಪುಟ್ಟ ಎಲ್ಲ ಅಪರಾಧಗಳಿಗೂ ವಿಸ್ತರಿಸಬೇಕು. ಪಹಣಿಯ ಬದಲು ಕಾರ್ಮಿಕ ಸಂಘದ, ವ್ಯಾಪಾರಿ ಸಂಘದ, ವಠಾರದ ನೆರೆಹೊರೆಯವರ ಮಾತನ್ನು ಜಾಮೀನೆಂದು ಒಪ್ಪಬೇಕು. ಖುಲಾಸೆಯಾದವನಿಗೆ ಒಳಗೆ ಕಳೆದ ದಿನಗಳ ಕೂಲಿಯನ್ನು ಸರ್ಕಾರ ತೆರಬೇಕು, ಅವನ ಕೆಲಸ ಅವನಿಗೆ ತಿರುಗಿ ಸಿಗಬೇಕು.

ಅಲ್ಲಿಯವರೆಗೆ ಕೈಕಟ್ಟಿ ಕೂಡುವಂತಿಲ್ಲ. ಪ್ರತಿ ಜಿಲ್ಲೆಯಲ್ಲೂ ವಿಚಾರಣಾಧೀನರ ಪರಿಶೀಲನಾ ಸಮಿತಿ ಎಂಬುದೊಂದಿದೆ. ಜಿಲ್ಲಾ ನ್ಯಾಯಾಧೀಶರು ಅದರ ಅಧ್ಯಕ್ಷರು. ಜಿಲ್ಲಾಧಿಕಾರಿಗಳು, ಪೋಲೀಸ್ ವರಿಷ್ಠರು ಸದಸ್ಯರು. ಜಾಮೀನು ಸಿಕ್ಕಿಯೂ ಜಾಮೀನುದಾರನಿಲ್ಲದೆ ಒಳಗೆ ಉಳಿದವರ ಪಟ್ಟಿಯನ್ನು ನೋಡುವುದು ಅದರ ಕೆಲಸ. ನಮ್ಮ ಗಿರಣಿ ಕಾರ್ಮಿಕರ ಸಂಘಗಳೂ ಚಿಲ್ಲರೆ ವ್ಯಾಪಾರಿಗಳ ಸಂಘಗಳೂ ಕೂಡಿ ಈ ತಿಂಗಳೇ ಆ ಸಮಿತಿಗೆ ಅರ್ಜಿ ಕೊಡಲಿ: ನಮ್ಮ ಜಿಲ್ಲೆಯ ಸೆರೆಮನೆಯಲ್ಲಿ ಅಂಥವರು ಎಷ್ಟು ಜನ, ಎಷ್ಟು ದಿನಗಳಿಂದ, ಎಷ್ಟು ರೂಪಾಯಿಯ ಕೊರತೆಗಾಗಿ ಇದ್ದಾರೆಂದು ಲಿಖಿತವಾಗಿ ಕೇಳಲಿ. ಉತ್ತರ ಬಂದರೆ ಅದನ್ನು ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಬಾರದಿದ್ದರೆ ಅರ್ಜಿ ಕೊಟ್ಟ ತಾರೀಖನ್ನು ವಾರವಾರವೂ ಅಚ್ಚುಹಾಕುತ್ತೇವೆ.