ಸಂತೆಯ ಸೊಗಸು ಯಾರಿಗೆ?

ಸಂತೆಯ ದಿನವೆಂದರೆ ಹಳ್ಳಿಗರ ಪಾಲಿಗೆ ವಿಹಾರದ ದಿನ ಎಂದು ಬರೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಬೆಂಡು-ಬತ್ತಾಸಿನ ರಾಶಿ, ಬಳೆಗಾರನ ಸುತ್ತಲಿನ ಗುಂಪು, ಒಣಮೆಣಸಿನಕಾಯಿಯ ಘಾಟು, ಕಾದ ಎಣ್ಣೆಯಲ್ಲಿ ಉಬ್ಬುವ ಮಿರ್ಚಿ ಇವುಗಳ ವರ್ಣನೆಯನ್ನು ಓದಿ ನಗರದ ಓದುಗರು ಚಪ್ಪರಿಸುತ್ತಾರೆ. ವರ್ಣನೆ ಸುಳ್ಳಲ್ಲ. ನಮ್ಮ ರಾಯಚೂರು ಸೀಮೆಯ ಮಂಡಾಳ ಒಗ್ಗರಣೆಯನ್ನು ಮಿರ್ಚಿಯೊಡನೆ ತಿಂದವನಿಗೆ ಪಟ್ಟಣದ ದೊಡ್ಡ ಹೋಟೆಲು ಸಪ್ಪೆಯೆನಿಸುವುದು ಸಹಜ. ನನ್ನ ತಕರಾರು ಬೇರೆ: ಈ ವಿಹಾರ ಯಾರದು?

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರಿನಿಂದ ಪೇಟೆಗೆ ಹೊರಟ ಗಂಡಸು ಎರಡು ಸಲ ಚಹಾ ಕುಡಿಯುತ್ತಾನೆ, ಪರಿಚಿತರ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಾನೆ, ಅಗತ್ಯಬಿದ್ದರೆ ಯಾವುದೋ ಗೋಡೆಯ ಮರೆಗೆ ಹೋಗಿ ಬರುತ್ತಾನೆ. ಅದೇ ಬಸ್ಸಿನಲ್ಲಿ ಬಂದ ಹೆಣ್ಣುಮಗಳು ಮನೆ ಬಿಡುವಾಗಲೇ ನೀರು ಕುಡಿಯದೆ ಹೊರಟಿರುತ್ತಾಳೆ. ಮರೆತು ಅಲ್ಲ, ಬೇಕೆಂದೇ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಆಕೆ ಸಂಜೆಯ ತನಕ ಬಾಯಾರಿಕೆಯನ್ನು ನುಂಗಿ ತಿರುಗುತ್ತಾಳೆ. ನೆಲದ ಮೇಲೆ ಗೋಣಿತಟ್ಟು ಹಾಸಿ ಸೊಪ್ಪು ಮಾರುವವಳ ಪಾಡು ಇನ್ನೂ ಕಷ್ಟ. ರಾಶಿಯನ್ನು ಬಿಟ್ಟೇಳುವಂತಿಲ್ಲ, ಎದ್ದರೂ ಹೋಗಲು ಜಾಗವಿಲ್ಲ. ನೀರು ಕಡಿಮೆ ಕುಡಿದು ಮೂತ್ರ ತಡೆಹಿಡಿಯುವುದರಿಂದ ಸೋಂಕು ತಗಲುತ್ತದೆ, ಹರಳು ಕಟ್ಟುತ್ತದೆ ಎಂಬುದನ್ನು ಯಾವ ವೈದ್ಯರಾದರೂ ಹೇಳಿಯಾರು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾಯಿತು. ಬಹಳ ಒಳ್ಳೆಯದಾಯಿತು; ಟೀಕಿಸುವವರೊಡನೆ ನಾನಿಲ್ಲ. ಆದರೆ ಬಸ್ಸಿನಿಂದ ಇಳಿದವಳು ಆಮೇಲೆ ಎಲ್ಲಿಗೆ ಹೋಗಬೇಕೆಂದು ಯಾರೂ ಯೋಚಿಸಲಿಲ್ಲ. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನ ಮನೆಮನೆಗೆ ಶೌಚಾಲಯ ಕಟ್ಟಿಸಲು ನೆರವು ನೀಡಿತು. ಸಂತೆಯ ದಿನ ಆ ಶೌಚಾಲಯ ಮನೆಯಲ್ಲಿಯೇ ಇರುತ್ತದಷ್ಟೆ!

"ಅವರಿಗೆ ಅಭ್ಯಾಸವಾಗಿದೆ ಮಾಸ್ತರ್ರೇ" ಎಂದು ನಗುವವರಿದ್ದಾರೆ. ಅಭ್ಯಾಸವಾಗಿರುವುದು ಅವರಿಗಲ್ಲ, ನೋಡುವ ನಮಗೆ. "ಹಣವೆಲ್ಲಿದೆ?" ಎನ್ನುವವರಿಗೂ ಉತ್ತರವಿದೆ. ಸಂತೆ ಸುಂಕ ವಸೂಲಿಯ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುವ ಪದ್ಧತಿ ನಮ್ಮ ಅನೇಕ ಪಂಚಾಯಿತಿ, ಪುರಸಭೆಗಳಲ್ಲಿದೆ. ಕೊತ್ತಂಬರಿಯ ನಾಲ್ಕು ಕಟ್ಟಿಟ್ಟುಕೊಂಡು ಕುಳಿತ ಮುದುಕಿಯಿಂದಲೂ ಚೀಟಿ ಹರಿದುಕೊಟ್ಟು ದುಡ್ಡು ಪಡೆಯುತ್ತಾರೆ. ಆ ದುಡ್ಡಿಗೆ ಪ್ರತಿಯಾಗಿ ಆಕೆಗೆ ಸಿಗುವುದೇನು? ನೆರಳಿಲ್ಲ, ನೀರಿಲ್ಲ, ಬಾಗಿಲಿಗೆ ಚಿಲಕವಿರುವ ಒಂದು ಕೋಣೆಯೂ ಇಲ್ಲ. ಎಲ್ಲೋ ಕಟ್ಟಿಸಿದ್ದಲ್ಲಿ ಬೀಗ ಜಡಿದಿರುತ್ತದೆ. ಕೀಲಿ ಯಾರ ಬಳಿ ಇದೆಯೆಂದು ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಾರೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ. 40ಕ್ಕಿಂತ ಕಡಿಮೆಯಿರಬಾರದು, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಹಳ್ಳಿಯ ಸಂತೆಗೆ ಆ ಕಾಯ್ದೆ ಅನ್ವಯಿಸದು; ಆದರೆ ಗ್ರಾಮ ಪಂಚಾಯಿತಿಯ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೇ ಮೀಸಲು. ಗಂಡಂದಿರನ್ನು ಮನೆಯಲ್ಲಿ ಬಿಟ್ಟು ಆ ಸದಸ್ಯೆಯರು ಸಭೆಗೆ ಬರಲಿ. ಸುಂಕದ ಹರಾಜಿನ ಕರಾರಿನಲ್ಲಿ ಮೊದಲನೆಯ ಷರತ್ತಾಗಿ ಮಹಿಳೆಯರ ಶೌಚಾಲಯ, ಅದಕ್ಕೆ ನೀರು ಮತ್ತು ಸಂತೆ ಮುಗಿಯುವವರೆಗೂ ಅಲ್ಲಿರುವ ಒಬ್ಬ ಕೆಲಸಗಾರ್ತಿಯ ಸಂಬಳವನ್ನು ಬರೆಸಲಿ. ಅದಕ್ಕೆ ಒಪ್ಪದವನ ಕೂಗು ಎಷ್ಟೇ ಲಕ್ಷದ್ದಾದರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಕೂಡದು.