131 ಮತಗಳ ಶಾಸಕ, ಲೆಕ್ಕಕ್ಕೆ ಬಾರದ ಮತದಾರ

ದಾವಣಗೆರೆ: ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಐದು ವರ್ಷಗಳ ಅವಧಿ 2027ರ ಜುಲೈಗೆ ಮುಗಿಯುತ್ತದೆ. ಮುಂದಿನ ಆಯ್ಕೆಯಲ್ಲಿ ಚನ್ನಗಿರಿ, ಹೊನ್ನಾಳಿ ಮತ್ತು ಜಗಳೂರು ಕ್ಷೇತ್ರಗಳ ಪರವಾಗಿ ಮತ ಚಲಾಯಿಸುವವರು ಮೂವರು ಶಾಸಕರು. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದರೂ ಹೊನ್ನಾಳಿ ವಿಧಾನಸಭಾ ಕ್ಷೇತ್ರದಲ್ಲೇ ಇದೆ.

ಕರ್ನಾಟಕದ ಪ್ರತಿ ಶಾಸಕರ ಮತದ ಮೌಲ್ಯ 131. ರಾಜ್ಯದ 1971ರ ಜನಸಂಖ್ಯೆಯನ್ನು 224 ಸ್ಥಾನಗಳಿಂದ, ನಂತರ ಸಾವಿರದಿಂದ ಭಾಗಿಸಿದಾಗ ಬರುವ ಅಂಕಿ ಇದು. ಮೂರು ಕ್ಷೇತ್ರಗಳ ಒಟ್ಟು ಮೌಲ್ಯ 393. 2022ರ ರಾಷ್ಟ್ರಪತಿ ಚುನಾವಣೆಯ ವೇಳೆ ಮೂರೂ ಕ್ಷೇತ್ರಗಳಲ್ಲಿ ಬಿಜೆಪಿ ಶಾಸಕರಿದ್ದರು. 2023ರಲ್ಲಿ ಮೂರೂ ಕಾಂಗ್ರೆಸ್ ಪಾಲಾದವು.

ಹಾಗಾದರೆ ಜನಾಭಿಪ್ರಾಯವೂ ಇಡಿಯಾಗಿ ಮಗುಚಿತೇ? ಜಗಳೂರಿನ ಫಲಿತಾಂಶ ಹಾಗೆ ಹೇಳುವುದಿಲ್ಲ. 2023ರಲ್ಲಿ ಕಾಂಗ್ರೆಸ್‌ನ ಬಿ. ದೇವೇಂದ್ರಪ್ಪ 50,765 ಮತ ಪಡೆದರು. ಬಿಜೆಪಿಯ ಎಸ್.ವಿ. ರಾಮಚಂದ್ರ ಅವರಿಗೆ 49,891, ಪಕ್ಷೇತರ ಎಚ್.ಪಿ. ರಾಜೇಶ್ ಅವರಿಗೆ 49,442 ಮತಗಳು ಬಂದವು. ಗೆಲುವಿನ ಅಂತರ 874. ಸೋತ ಈ ಇಬ್ಬರಿಗೇ ಬಿದ್ದ ಮತ 99,333. ಆದರೂ 131 ಪೂರ್ತಿಯಾಗಿ ಒಬ್ಬರ ಕೈಯಲ್ಲಿದೆ.

ಸಂವಿಧಾನದ 55ನೇ ವಿಧಿಯಲ್ಲಿ ಅನುಪಾತದ ಮಾತಿದೆ ನಿಜ. ಅದು ರಾಜ್ಯ ರಾಜ್ಯಗಳ ನಡುವಿನ ಸಮತೋಲನಕ್ಕೆ, ಶಾಸಕರು ಮತ್ತು ಸಂಸದರ ಪ್ರಾಶಸ್ತ್ಯ ಮತಗಳ ಎಣಿಕೆಗೆ ಸೀಮಿತ. ಮತಗಟ್ಟೆಯ ಮತದಾರನವರೆಗೆ ಅದು ಇಳಿಯುವುದಿಲ್ಲ. 2018ರಲ್ಲಿ ರಾಜ್ಯಮಟ್ಟದಲ್ಲೂ ಇದೇ ಆಯಿತು: ಸುಮಾರು ಶೇ 38 ಮತ ಪಡೆದ ಕಾಂಗ್ರೆಸ್‌ಗಿಂತ ಸುಮಾರು ಶೇ 36 ಪಡೆದ ಬಿಜೆಪಿ ಹೆಚ್ಚು ಸ್ಥಾನ ಗಳಿಸಿತು.

ಅಮೆರಿಕದಲ್ಲಿಯೂ ಈ ತಕರಾರು ಹಳೆಯದು. ಅಲ್ಲಿನ 48 ರಾಜ್ಯಗಳಲ್ಲಿ ಮುನ್ನಡೆ ಪಡೆದವರಿಗೇ ಎಲ್ಲ ಪ್ರತಿನಿಧಿ ಮತಗಳು. ಜನಮತದ ಅನುಪಾತದಲ್ಲಿ ಅವನ್ನು ಹಂಚುವ ಪ್ರಸ್ತಾವವನ್ನು ಕೊಲರಾಡೊದ ಮತದಾರರು 2004ರಲ್ಲಿ ತಿರಸ್ಕರಿಸಿದರು.

ಇಲ್ಲಿ ಹಂಚಿಕೆ ಇನ್ನೂ ಕಷ್ಟ. ಶಾಸಕರನ್ನು ಜನ ಆರಿಸುವುದು ನೀರು, ರಸ್ತೆ, ಆಸ್ಪತ್ರೆಗಾಗಿ; ರಾಷ್ಟ್ರಪತಿಗಾಗಿ ಅಲ್ಲ. ಮೇಲಾಗಿ ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾನ ಗೋಪ್ಯ, ಪಕ್ಷಗಳು ವಿಪ್ ನೀಡುವಂತಿಲ್ಲ. ಒಬ್ಬ ಶಾಸಕರ ಮತವನ್ನು ಮೂರು ಪಾಲು ಮಾಡಲಾಗದು. ಬದಲಾವಣೆ ಬೇಕೆಂದರೆ ಅದು ಶಾಸಕರನ್ನು ಆರಿಸುವ ಕ್ರಮದಿಂದಲೇ ಆರಂಭವಾಗಬೇಕು.

ಹೊಸ ಜನಗಣತಿಯ ಬಳಿಕ 131 ಎಂಬ ಅಂಕಿ ಬದಲಾಗಬಹುದು. ಜಗಳೂರಿನ ಆ 99,333 ಮತಗಳ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಲಿದೆ.