ಬೀಗ ಹೊರಗಿನವರದು, ಅಗುಳಿ ಒಳಗಿನವರದು

ಕಟ್ಟಡ ಇರುವಷ್ಟು ಕಾಲ ಅದರ ನಕ್ಷೆಯೂ ಬಾಳಬೇಕು. ಐವತ್ತು ವರ್ಷದ ಮೇಲೆ ಗೋಡೆ ಒಡೆಯುವವನಿಗೂ ಕಂಬ ಎಲ್ಲಿದೆ, ಪೈಪು ಎಲ್ಲಿ ಹಾದುಹೋಗಿದೆ ಎಂದು ತಿಳಿಯಬೇಕಾಗುತ್ತದೆ. ಟ್ರೇಸಿಂಗ್ ಪೇಪರಿನ ಮೇಲೆ ಶಾಯಿಯಲ್ಲಿ ಬರೆದ ನಕ್ಷೆಯನ್ನು ಓದಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಂದು ಅದೇ ನಕ್ಷೆ ಸಾಮಾನ್ಯವಾಗಿ ಡಿಡಬ್ಲ್ಯುಜಿ ಫೈಲಿನಲ್ಲಿರುತ್ತದೆ. 1982ರಲ್ಲಿ ಆಟೋಕ್ಯಾಡ್ ಜೊತೆಗೆ ಬಂದ ಈ ಫೈಲಿನ ಒಳರಚನೆಯನ್ನು ಆಟೋಡೆಸ್ಕ್ ಕಂಪನಿ ಪ್ರಕಟಿಸಿಲ್ಲ. ವಿನಿಮಯಕ್ಕೆಂದು ಡಿಎಕ್ಸ್‌ಎಫ್ ಎಂಬ ಇನ್ನೊಂದು ರೂಪದ ವಿವರ ಕೊಟ್ಟಿದೆ, ನಿಜ. ಆದರೆ ಕೈಯಿಂದ ಕೈಗೆ ಓಡಾಡುವುದು ಡಿಡಬ್ಲ್ಯುಜಿಯೇ. 2016ರಿಂದ ಆಟೋಕ್ಯಾಡಿನ ಹೊಸ ಶಾಶ್ವತ ಲೈಸೆನ್ಸ್ ಕೂಡ ಸಿಗುವುದಿಲ್ಲ, ಚಂದಾ ಕಟ್ಟಬೇಕು. ಚಂದಾ ನಿಂತರೆ, ನಕ್ಷೆ ಬರೆದವನೇ ಅದನ್ನು ತಿದ್ದಲು ಬೇರೆ ದಾರಿ ಹುಡುಕಬೇಕು.

ಪುಣೆ, ಹೈದರಾಬಾದುಗಳಲ್ಲಿ ಮನೆ ಕಟ್ಟುವ ಪರವಾನಗಿಗೂ ಕ್ಯಾಡ್ ನಕ್ಷೆ ಬೇಕು. ಸೆಟ್‌ಬ್ಯಾಕ್ ಸರಿಯಿದೆಯೇ ಎಂದು ಸಾಫ್ಟ್‌ವೇರೇ ಅಳೆದು ನೋಡುತ್ತದೆ. ಹಾಗಾಗಿ ಇದು ದೊಡ್ಡ ಆಫೀಸುಗಳ ಪಾಡು ಮಾತ್ರವಲ್ಲ, ಒಂದೇ ಕಂಪ್ಯೂಟರಿಟ್ಟುಕೊಂಡ ಡ್ರಾಫ್ಟ್ಸ್‌ಮನ್ನನದೂ ಹೌದು.

ಈ ಬೀಗಕ್ಕೆ ಬೇರೆ ಕೀಲಿ ಇಲ್ಲವೆಂದಲ್ಲ. ಆಟೋಡೆಸ್ಕಿನ ಪೈಪೋಟಿದಾರರು 1998ರಲ್ಲೇ ಒಂದು ಕೂಟ ಕಟ್ಟಿಕೊಂಡು ಫೈಲನ್ನು ಬಿಡಿಸಿ ನೋಡತೊಡಗಿದರು. ಇಂದಿನ ಓಪನ್ ಡಿಸೈನ್ ಅಲಯನ್ಸ್ ಅದೇ. 2006ರಲ್ಲಿ ಆಟೋಡೆಸ್ಕ್ ಅದರ ಮೇಲೆ ಕೋರ್ಟಿಗೆ ಹೋಯಿತು, ಮರುವರ್ಷ ರಾಜಿಯಾಯಿತು. ಅಲಯನ್ಸ್ ತಾನು ಕಂಡುಕೊಂಡ ರಚನೆಯ ವಿವರವನ್ನು ಎಲ್ಲರಿಗೂ ಕೊಟ್ಟಿದೆ, ಅದು ದೊಡ್ಡ ಉಪಕಾರ. ಆದರೆ ಅದರ ಕೋಡ್ ಲೈಬ್ರರಿ ಹಣ ಕಟ್ಟಿದ ಸದಸ್ಯರಿಗೆ. ಓಪನ್ ಎಂಬುದು ಹೆಸರಿನಲ್ಲಿ.

ಬೇಸರ ತರಿಸುವುದು ಮುಂದಿನ ಕತೆ. ಡಿಡಬ್ಲ್ಯುಜಿ ಓದುವ ಮುಕ್ತ ಲೈಬ್ರರಿಯನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ತನ್ನ ಆದ್ಯತೆಯ ಪಟ್ಟಿಯಲ್ಲಿಟ್ಟಿತ್ತು. 2009ರಲ್ಲಿ ಗ್ನೂ ಯೋಜನೆಯಾಗಿ ಲಿಬ್ರೆಡಿಡಬ್ಲ್ಯುಜಿ ಶುರುವಾಯಿತು. ಅದಕ್ಕೆ ಕೊಟ್ಟ ಲೈಸೆನ್ಸ್ ಜಿಪಿಎಲ್‌ನ 3ನೇ ಆವೃತ್ತಿ: ಈ ಕೋಡನ್ನು ಸೇರಿಸಿಕೊಂಡ ಪ್ರೋಗ್ರಾಮ್ ಪೂರ್ತಿಯಾಗಿ ಅದೇ ಷರತ್ತಿಗೆ ಒಳಪಡಬೇಕು. ಲಿಬ್ರೆಕ್ಯಾಡ್ 2ನೇ ಆವೃತ್ತಿಗೆ ಕಟ್ಟುಬಿದ್ದಿತ್ತು. ಫ್ರೀಕ್ಯಾಡ್ ಆತುಕೊಂಡಿದ್ದ ಓಪನ್ ಕ್ಯಾಸ್ಕೇಡ್ ಎಂಜಿನ್ನಿನ ಅಂದಿನ ಲೈಸೆನ್ಸ್ ಜಿಪಿಎಲ್‌ಗೆ ಹೊಂದುತ್ತಿರಲಿಲ್ಲ. ಎಲ್ಲವೂ ಮುಕ್ತ ತಂತ್ರಾಂಶಗಳೇ. ಮಠ ಒಂದೇ, ಪಂಕ್ತಿ ಬೇರೆ. ಲೈಸೆನ್ಸ್ ಸಡಿಲಿಸಿ ಎಂದು ಈ ಯೋಜನೆಗಳವರು ಕೇಳಿದಾಗ ಫೌಂಡೇಶನ್ ಒಪ್ಪಲಿಲ್ಲ.

ಈ ಬಿಗಿಪಟ್ಟಿನ ಹಿಂದಿನ ತರ್ಕ ಗೊತ್ತಿರುವಂಥದೇ: ಸಮುದಾಯದ ದುಡಿಮೆಯನ್ನು ಕಂಪನಿಗಳು ಬಿಟ್ಟಿಯಾಗಿ ನುಂಗಬಾರದು. ಆದರೆ ಡಿಡಬ್ಲ್ಯುಜಿ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಕಂಪನಿಗಳ ಬಳಿ ಅಲಯನ್ಸಿನ ಲೈಬ್ರರಿ ಆಗಲೇ ಇತ್ತು. ಬಿಗಿ ಲೈಸೆನ್ಸಿನಿಂದ ಅವರಿಗೆ ಕೂದಲೂ ಕೊಂಕಲಿಲ್ಲ, ಹಸಿದು ಕೂತವರು ಮನೆಯವರೇ. ವಿಚಿತ್ರವೆಂದರೆ, ಕಂಪನಿಗಳಿಗೆ ಬೇರೆ ಲೈಬ್ರರಿ ಸುಲಭವಾಗಿ ಸಿಗುವ ಕಡೆ ಸಡಿಲವಾದ ಎಲ್‌ಜಿಪಿಎಲ್ ಬಳಸುವುದೇ ಲೇಸು ಎಂದು ಫೌಂಡೇಶನ್ನೇ ಬುದ್ಧಿ ಹೇಳುತ್ತದೆ. 2001ರಲ್ಲಿ ಆಗ್ ವೋರ್ಬಿಸ್ ಧ್ವನಿ ಫೈಲಿನ ಲೈಬ್ರರಿಯನ್ನು ಇನ್ನೂ ಸಡಿಲವಾದ ಬಿಎಸ್‌ಡಿ ಲೈಸೆನ್ಸಿಗೆ ಬದಲಾಯಿಸಿದಾಗ ರಿಚರ್ಡ್ ಸ್ಟಾಲ್‌ಮನ್ ಬೆಂಬಲಿಸಿದ್ದರು. ಹಾಡಿಗೆ ಸಿಕ್ಕ ರಿಯಾಯಿತಿ ಮನೆಯ ನಕ್ಷೆಗೆ ಸಿಗಲಿಲ್ಲ.

ಓಪನ್ ಕ್ಯಾಸ್ಕೇಡ್ 2013ರ ಕೊನೆಗೆ ತಾನೇ ಎಲ್‌ಜಿಪಿಎಲ್‌ಗೆ ಬಂತು. ಲಿಬ್ರೆಕ್ಯಾಡ್‌ನವರು ತಮ್ಮದೇ ಇನ್ನೊಂದು ಲೈಬ್ರರಿ ಬರೆದುಕೊಂಡರು. ಒಂದೇ ಗುಂಡಿಯನ್ನು ಎರಡು ಸಲ ತೋಡಿದಂತಾಯಿತು. ಫ್ರೀಕ್ಯಾಡ್ ಇಂದಿಗೂ ಡಿಡಬ್ಲ್ಯುಜಿ ತೆರೆಯಲು ಪ್ರತ್ಯೇಕವಾಗಿ ಹಾಕಿಕೊಂಡ ಪರಿವರ್ತಕವನ್ನು ಕರೆಯುತ್ತದೆ, ಅದು ಡಿಎಕ್ಸ್‌ಎಫ್ ಮಾಡಿಕೊಟ್ಟ ಮೇಲೆ ಓದುತ್ತದೆ. ಆ ಪರಿವರ್ತಕಗಳಲ್ಲಿ ಒಂದು ಅಲಯನ್ಸಿನದು: ಬಿಟ್ಟಿ ಸಿಗುತ್ತದೆ, ಕೋಡ್ ಮಾತ್ರ ಕೊಡುವುದಿಲ್ಲ. ಲಿಬ್ರೆಡಿಡಬ್ಲ್ಯುಜಿ ಈಗ 2018ರ ಆವೃತ್ತಿಯವರೆಗಿನ ಫೈಲುಗಳನ್ನು ಓದುತ್ತದೆ. ಬರೆಯುವುದರಲ್ಲಿ ನೆಚ್ಚಬಹುದಾದದ್ದು 2000ರ ಆವೃತ್ತಿಯವರೆಗೆ. ಅಲ್ಲಿ ಕೈಗಳು ಸಾಲದು, ಮತ್ತು ಎಲ್ಲರೂ ಸೇರಿಸಿಕೊಳ್ಳಲಾಗದ ಲೈಬ್ರರಿಗೆ ಕೈಜೋಡಿಸುವವರು ಕಡಿಮೆಯೇ. ಅದರ ಹಕ್ಕುಸ್ವಾಮ್ಯ ಇರುವುದು ಫೌಂಡೇಶನ್ ಹೆಸರಿನಲ್ಲಿ. ಎಲ್‌ಜಿಪಿಎಲ್‌ಗೆ ಬದಲಾಯಿಸಲು ಆಟೋಡೆಸ್ಕನ್ನು ಕೇಳಬೇಕಾಗಿಲ್ಲ.